ನಿಮ್ಮ ಡೊಮಿಸೈಲ್ ಯಾವ ದೇಶ? ತಿಳಿಯುವುದು ಹೀಗೆ

ಇಪ್ಪತ್ತು ವರ್ಷ ವಿದೇಶದಲ್ಲಿದ್ದವರ ಡೊಮಿಸೈಲ್ ಭಾರತವೇ ಆಗಿರಬಹುದು. ಡೊಮಿಸೈಲ್ ಅಂದರೆ ಕಾನೂನು ನಿಮ್ಮ ಖಾಯಂ ನೆಲೆ ಎಂದು ಒಪ್ಪುವ ದೇಶ. ಪೌರತ್ವ ಬೇರೆ ವಿಷಯ. ಆದಾಯ ತೆರಿಗೆಯವರು ದಿನ ಎಣಿಸಿ ಹೇಳುವ ‘ರೆಸಿಡೆಂಟ್’ ಇನ್ನೂ ಬೇರೆ. ಮೂರನ್ನೂ ಕಲಸಿಕೊಳ್ಳುವವರೇ ಜಾಸ್ತಿ.

ಇದೆಲ್ಲ ಯಾಕೆ ಬೇಕು? ಮುಖ್ಯವಾಗಿ ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆಯಲ್ಲಿ. 1955ರ ಹಿಂದೂ ವಿವಾಹ ಕಾಯ್ದೆ ಹೊರದೇಶದಲ್ಲಿರುವ ಹಿಂದೂಗಳಿಗೂ ಅನ್ವಯಿಸುತ್ತದೆ, ಅವರ ಡೊಮಿಸೈಲ್ ಭಾರತವಾಗಿದ್ದರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತೀರಿಕೊಂಡವರು ಇಲ್ಲಿ ಬಿಟ್ಟುಹೋದ ಮನೆ, ಜಮೀನಿಗೆ ಭಾರತದ ಕಾನೂನು. ಬ್ಯಾಂಕಿನಲ್ಲಿರುವ ಹಣ, ಒಡವೆಯಂಥ ಚರಾಸ್ತಿಗೆ ಸಾಯುವಾಗ ಅವರ ಡೊಮಿಸೈಲ್ ಇದ್ದ ದೇಶದ ಕಾನೂನು. ಆದರೆ ಕಾಯ್ದೆಯ ಈ ಭಾಗ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಿಗೆ ಅನ್ವಯಿಸುವುದಿಲ್ಲ. ಮುಂದೆ ಹೇಳುವ ಹೆಜ್ಜೆಗಳು ಹೆಚ್ಚಾಗಿ ಇದೇ ಕಾಯ್ದೆಯವು. ಡೊಮಿಸೈಲ್ ಎಂದರೇನು ಎಂದು ಅರ್ಥ ಮಾಡಿಕೊಳ್ಳಲು ಇವು ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ.

ಮೊದಲ ಹೆಜ್ಜೆ, ಹುಟ್ಟಿದಾಗಿನ ಡೊಮಿಸೈಲ್ ಹುಡುಕುವುದು. ನೀವು ಎಲ್ಲಿ ಹುಟ್ಟಿದಿರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಆಗ ನಿಮ್ಮ ತಂದೆಯ ಡೊಮಿಸೈಲ್ ಯಾವುದಿತ್ತೋ ಅದೇ ನಿಮ್ಮದು. ಮದುವೆಯಾಗದ ತಂದೆತಾಯಿಗೆ ಹುಟ್ಟಿದ ಮಗುವಿಗೆ ತಾಯಿಯದು. ಇನ್ನೊಂದು ದೇಶ ಅದರ ಜಾಗಕ್ಕೆ ಬರುವ ತನಕ ಇದು ಅಂಟಿಕೊಂಡೇ ಇರುತ್ತದೆ.

ಎರಡನೆಯ ಹೆಜ್ಜೆ, ಅದು ಬದಲಾಗಿದೆಯಾ ನೋಡುವುದು. ಎರಡು ವಿಷಯ ಒಟ್ಟಿಗೆ ಇರಬೇಕು: ಹೊಸ ದೇಶದಲ್ಲಿ ನಿಜವಾದ ವಾಸ, ಅಲ್ಲೇ ಕೊನೆತನಕ ಇರುವ ಮನಸ್ಸು. ಕಷ್ಟವಿರುವುದು ಈ ಮನಸ್ಸಿನಲ್ಲೇ. ವಿಲಿಯಂ ವೈನನ್ಸ್ ಎಂಬ ಅಮೆರಿಕದ ಸಿರಿವಂತ ಸಾಯುವ ತನಕ 37 ವರ್ಷ ಬಹುಪಾಲು ಇಂಗ್ಲೆಂಡಿನಲ್ಲೇ ಇದ್ದ. ಆದರೆ ಆ ದೇಶ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಾಲ್ಟಿಮೋರಿಗೆ ಮರಳಿ ಚುಟ್ಟಾ ಆಕಾರದ ಹಡಗು ಕಟ್ಟಿಸುವ ಕನಸು ಬೇರೆ! ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1904ರಲ್ಲಿ, ಅವನು ಇಂಗ್ಲೆಂಡನ್ನು ಖಾಯಂ ನೆಲೆ ಮಾಡಿಕೊಂಡದ್ದು ಸಾಬೀತಾಗಿಲ್ಲ ಎಂದಿತು. ನಮ್ಮಲ್ಲೂ ಇಂಥದ್ದು ನಡೆದಿದೆ. 1937ರಲ್ಲಿ ಬೆಲ್ಜಿಯಂನಿಂದ ಬಂದ ಒಬ್ಬ ಮಿಷನರಿ, ತನ್ನ ಡೊಮಿಸೈಲ್ ಭಾರತವೇ, ಹಾಗಾಗಿ ಭಾರತದ ಪೌರತ್ವ ತನಗಿದೆ ಎಂದು ವಾದಿಸಿದರು. ಸುಮ್ನೆ ಇಲ್ಲಿದ್ದರೆ ಸಾಲದು, ಇಲ್ಲೇ ಖಾಯಂ ಇರುವ ಉದ್ದೇಶವನ್ನೂ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಅವರ ವಾದ ತಳ್ಳಿಹಾಕಿತು. ನನಗೆ ಇದು ಸ್ವಲ್ಪ ಕಠಿಣ ಅನ್ನಿಸುತ್ತದೆ. ಆದರೆ ಬರೀ ವರ್ಷಗಳ ಲೆಕ್ಕ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಹಾಗಾಗಿ ಮನಸ್ಸಿಗೆ ಸಾಕ್ಷಿ ಕೂಡಿಡಿ. ಎಲ್ಲಿ ಮನೆ ಕೊಂಡಿರಿ, ಕುಟುಂಬ ಎಲ್ಲಿದೆ, ವಿಲ್‌ನಲ್ಲಿ ಏನು ಬರೆದಿದ್ದೀರಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನೌಕರಿ ಮಾತ್ರ ಅಷ್ಟು ಗಟ್ಟಿ ಸಾಕ್ಷಿಯಲ್ಲ: ಸರ್ಕಾರಿ ಸೇವೆಗೋ ವೃತ್ತಿಗೋ ಭಾರತದಲ್ಲಿದ್ದ ಮಾತ್ರಕ್ಕೆ ಇಲ್ಲಿ ನೆಲೆಸಿದಂತಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಇದೇ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ಭಾರತದಲ್ಲಿ ಒಂದು ವರ್ಷ ವಾಸವಿದ್ದವರು ಇಲ್ಲಿನ ಡೊಮಿಸೈಲ್ ಬೇಕೆಂದು ಲಿಖಿತ ಘೋಷಣೆ ಕೊಡಬಹುದು.

ಹೆಂಡತಿಗೆ ಗಂಡನ ಡೊಮಿಸೈಲ್ ಎಂಬ ಹಳೇ ನಿಯಮ ಈ ಕಾಯ್ದೆಯಲ್ಲಿ ಇನ್ನೂ ಉಳಿದಿದೆ. ಇಂಗ್ಲೆಂಡ್ 1974ರಲ್ಲೇ ಅದನ್ನು ಕೈಬಿಟ್ಟಿತು. ನಾವೂ ಬಿಡುವ ಕಾಲ ಬಂದಿದೆ, ಅಲ್ವಾ?

ಹಾಗಾದರೆ ಕಾಲೇಜು ಸೀಟಿಗೆ ಕೇಳುವ ‘ರಾಜ್ಯದ ಡೊಮಿಸೈಲ್ ಸರ್ಟಿಫಿಕೇಟ್’? ಅದು ನಿಜದಲ್ಲಿ ವಾಸದ ಪುರಾವೆ. ಭಾರತೀಯರಿಗೆ ಇರುವುದು ಒಂದೇ ಡೊಮಿಸೈಲ್, ಅದು ಭಾರತದ್ದು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮತ್ತೆ ಅದನ್ನೇ ಹೇಳಿ, ವೈದ್ಯಕೀಯ ಸ್ನಾತಕೋತ್ತರ ಸೀಟುಗಳಲ್ಲಿ ವಾಸದ ಆಧಾರದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಅರ್ಜಿಯಲ್ಲಿ ‘ಡೊಮಿಸೈಲ್’ ಎಂದು ಬರೆದಿದ್ದರೂ, ಎಷ್ಟು ವರ್ಷದ ವಾಸ ಅಥವಾ ಓದು ಕೇಳಿದ್ದಾರೆ ಎಂದು ಅಧಿಸೂಚನೆಯಲ್ಲಿ ನೋಡಿ, ಆ ದಾಖಲೆ ಹೊಂದಿಸಿಕೊಳ್ಳಿ.