ತಾತನ ಮ್ಯಾಸಿಯನ್ನು ಮತ್ತೆ ಗದ್ದೆಗೆ ಇಳಿಸಿದ್ದು

ನಮ್ಮ ಮ್ಯಾಸಿ 1035 ಟ್ರ್ಯಾಕ್ಟರ್ ಕಪ್ಪು ಹೊಗೆ ಕಾರುತ್ತಿತ್ತು, ಬೆಳಗಿನ ಹೊತ್ತು ಸುಲಭಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ, ಎತ್ತಿದ ನೇಗಿಲು ತಾನಾಗಿ ಕೆಳಗಿಳಿಯುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: 'ಎಂಜಿನ್ ಬಿಚ್ಚಿ ಬೋರ್ ಮಾಡಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ.' ಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸೋದು. ನಾನು ಎರಡನ್ನೂ ಮಾಡಲಿಲ್ಲ. ತಾತ ಕೊಂಡು, ಅಪ್ಪ ದುಡಿಸಿ, ನನ್ನ ಕೈಗೆ ಬಂದ ಗಾಡಿ ಅದು. ಪಾಂಡವಪುರದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕುಡಿಯುವ ನಮ್ಮ ಗದ್ದೆಗಳಲ್ಲೇ ಅದು ಮತ್ತೆ ಓಡಬೇಕು ಅನ್ನೋದು ನನ್ನ ಹಟ.

1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿಯ ಗಾಡಿ, ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ರೋಗ ಏನೆಂದು ಕಣ್ಣು, ಕಿವಿ, ಕೈಯಿಂದಲೇ ಪತ್ತೆ ಮಾಡಬಹುದು. ಹಳೇ ಗಾಡಿ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು ಅಂತ ನನಗನ್ನಿಸುತ್ತದೆ.

ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಪಿಸ್ಟನ್ನಿನ ರಿಂಗ್ ಸವೆದಿದೆ ಅಂತ ಅನುಮಾನ ಪಡಬೇಕಿತ್ತು. ನಮ್ಮದು ಕಪ್ಪು. ಅಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಸರಿಯಾಗಿ ಸಿಂಪಡಣೆ ಆಗುತ್ತಿಲ್ಲ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ರಿಂಗ್ ಹೋಗಿದ್ದರೆ ಅಲ್ಲಿಂದ ಬುಸುಬುಸು ಹೊಗೆ ಬರಬೇಕು, ಬರಲಿಲ್ಲ. ಬೋರ್ ಮಾತು ಅಲ್ಲಿಗೇ ಬಿಟ್ಟೆ.

ಏರ್ ಕ್ಲೀನರಿನ ಕೆಳಗೆ, ಧೂಳು ಹಿಡಿಯುವ ಆಯಿಲ್ ಇರಬೇಕಾದ ಬಟ್ಟಲು ಬಿಚ್ಚಿದರೆ ಆಯಿಲ್ ಅನ್ನೋದೇ ಇರಲಿಲ್ಲ, ಬರೀ ಗಟ್ಟಿ ಕೆಸರು. ಒಕ್ಕಣೆಯ ಹೊಟ್ಟು, ಧೂಳು ಎಲ್ಲ ಅಲ್ಲೇ ಸೇರಿತ್ತು. ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿದೆ. ಗುರುತು ಮೀರಿದರೆ ಎಂಜಿನ್ ಆ ಆಯಿಲನ್ನೂ ಎಳೆದುಕೊಳ್ಳುತ್ತದೆ.

ಆಮೇಲೆ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್. ಗಾಡಿಯನ್ನು ಸ್ಲೋನಲ್ಲಿ ಬಿಟ್ಟು ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಚೂರೇ ಚೂರು ಸಡಿಲಿಸಿದೆ. ಒಂದನೆಯದಕ್ಕೂ ಮೂರನೆಯದಕ್ಕೂ ಎಂಜಿನ್ ಸದ್ದು ಕುಗ್ಗಿ ನಡುಗಿತು. ನಡುವಿನದಕ್ಕೆ ಏನೂ ವ್ಯತ್ಯಾಸವಿಲ್ಲ. ಅಂದರೆ ಆ ಸಿಲಿಂಡರ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಇದನ್ನು ಮಾಡುವವರು ನಟ್ಟಿನ ಮೇಲೆ ಬಟ್ಟೆ ಮುಚ್ಚಿ, ಕೈ ದೂರ ಇಟ್ಟುಕೊಳ್ಳಿ. ಆ ಒತ್ತಡದ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಮೂರೂ ನಾಜಲ್ ಬಿಚ್ಚಿ ಮಂಡ್ಯದ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಒಯ್ದೆ. ಟೆಸ್ಟಿಂಗ್ ಮಾಡಿದಾಗ ನಡುವಿನದು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅದು ಮಂಜಿನ ಹಾಗೆ ಹರಡಬೇಕು. ಹೊಸ ನಾಜಲ್ ಹಾಕಿ, ಡೀಸೆಲ್ ಫಿಲ್ಟರ್ ಬದಲಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆದೆ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ಟನ್ನು, ಅಂದರೆ ವಾಲ್ವಿನ ಮೇಲಿನ ಸಂದನ್ನು, 0.30 ಮಿ.ಮೀ.ಗೆ ಕೂರಿಸಿದೆ. ಮೂರೂ ಸಿಲಿಂಡರ್ ಒಟ್ಟಿಗೆ ಮಾತಾಡಿದಾಗ ಬರುವ ಆ ಟಕಟಕ ಸದ್ದನ್ನು ನಾನು ಚಿಕ್ಕಂದಿನಿಂದ ಕೇಳಿ ಬಲ್ಲೆ. ಅಪ್ಪ ಜಗುಲಿಯಿಂದ ಎದ್ದು ಬಂದರು.

ನೇಗಿಲು ಎತ್ತುವ ಹೈಡ್ರಾಲಿಕ್ ಲಿಫ್ಟಿನ ಕೆಲಸ ಇದಕ್ಕಿಂತ ದೊಡ್ಡದು. ಈ ಗಾಡಿಯಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಕೆಳಗಿನ ಬೋಲ್ಟ್ ಬಿಚ್ಚಿದಾಗ ಇಳಿದದ್ದು ಬೆಳ್ಳಗೆ ನೊರೆಗಟ್ಟಿದ ಆಯಿಲ್, ಅಂದರೆ ಒಳಗೆ ನೀರು ಸೇರಿದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದು ಮಳೆ ನೀರು ನೇರ ಒಳಗೆ ಇಳಿಯುತ್ತಿತ್ತು. ಸಣ್ಣ ರಬ್ಬರ್, ಆದರೆ ಹಾಗೇ ಬಿಟ್ಟರೆ ಅದರಿಂದ ಪಂಪೂ ಹಾಳು, ಬೇರಿಂಗೂ ಹಾಳು. ಊರಿನ ಮೆಕ್ಯಾನಿಕ್ ಅಣ್ಣನನ್ನು ಕರೆದು, ಚೈನ್ ಬ್ಲಾಕ್ ಕಟ್ಟಿ ಲಿಫ್ಟ್ ಕವರ್ ಎತ್ತಿಸಿದೆ. ಪಂಪ್ ಚೆನ್ನಾಗಿತ್ತು. ಲಿಫ್ಟ್ ಪಿಸ್ಟನ್ನಿನ ರಿಂಗ್ ಸವೆದಿತ್ತು, ಪಂಪಿನಿಂದ ಮೇಲೆ ಬರುವ ಪೈಪಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಸೀಳಿತ್ತು. ಎರಡನ್ನೂ ಬದಲಿಸಿದೆವು.

ಕವರ್ ಕೂರಿಸುವ ಹೊತ್ತಿಗೆ ಅಪ್ಪ ಹಿಂದೆ ಬಗ್ಗಿ, 'ಟಾಪ್ ಲಿಂಕ್ ಸ್ಪ್ರಿಂಗ್ ಲೂಸ್ ಇದ್ರೆ ನೇಗ್ಲು ಕುಣೀತದೆ ಕನ ಮಗ, ಅದ್ನೂ ನೋಡು' ಅಂದರು. ಟಾಪ್ ಲಿಂಕ್ ಅಂದರೆ ನೇಗಿಲನ್ನು ಗಾಡಿಗೆ ಹಿಡಿಯುವ ಮೇಲಿನ ತೋಳು. ಹಿಡಿದು ಎಳೆದರೆ ನಿಜವಾಗಿಯೂ ಆಡುತ್ತಿತ್ತು. ಹ್ಯಾರಿ ಫರ್ಗ್ಯುಸನ್ ಎಂಬ ಎಂಜಿನಿಯರ್ ಕಂಡುಹಿಡಿದ, ನೇಗಿಲಿನ ಆಳ ತಾನಾಗಿ ಕಾಯುವ ವ್ಯವಸ್ಥೆಯ ಜೀವ ಇರುವುದೇ ಆ ಸ್ಪ್ರಿಂಗಿನಲ್ಲಿ. ನೇಗಿಲು ಆಳಕ್ಕೆ ಕಚ್ಚಿಕೊಂಡರೆ ಟಾಪ್ ಲಿಂಕ್ ಸ್ಪ್ರಿಂಗನ್ನು ಒತ್ತುತ್ತದೆ, ಹೈಡ್ರಾಲಿಕ್ ನೇಗಿಲನ್ನು ತುಸು ಎತ್ತುತ್ತದೆ, ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಸಡಿಲವಿದ್ದರೆ ಈ ಸುದ್ದಿ ತಡವಾಗಿ ಮುಟ್ಟಿ, ನೇಗಿಲು ಮೇಲೆ ಕೆಳಗೆ ಜಿಗಿಯುತ್ತದೆ. ಸ್ಪ್ರಿಂಗ್ ಆಡದಂತೆ ನಟ್ ಬಿಗಿಮಾಡಿದ ಮೇಲೆ ನಮ್ಮ ಮೇಲ್ಗಡೆಯ ಕೆಂಪು ಹೊಲದಲ್ಲಿ ಸಾಲು ಒಂದೇ ಆಳಕ್ಕೆ ಬಂತು.

ಕಾಗದಪತ್ರವನ್ನೂ ಮರೆಯಬೇಡಿ. ತೀರಿಕೊಂಡವರ ಹೆಸರಿನಲ್ಲಿರುವ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಆರ್‌ಟಿಓದಲ್ಲಿ ಫಾರಂ 31 ಕೊಡಬೇಕು. ಸಾವಿನ ವಿಷಯ 30 ದಿನದೊಳಗೆ ತಿಳಿಸಬೇಕು, ಅರ್ಜಿಗೆ ಮೂರು ತಿಂಗಳು ಗಡುವು.

ಈಗ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದ ಚಕ್ರ) ಹಾಕಿ ಕೆಸರು ಗದ್ದೆ ಹದ ಮಾಡುತ್ತಿದ್ದೇನೆ. ಸಂಜೆ ಕೆಸರು ತೊಳೆದ ತಕ್ಷಣ ಎಲ್ಲ ನಿಪ್ಪಲ್‌ಗೂ ಗ್ರೀಸ್ ಹೊಡೆಯುತ್ತೇನೆ, ಹಳೇ ಗ್ರೀಸ್ ನೀರಿನ ಸಮೇತ ಹೊರಬರುವವರೆಗೆ. ಮುಂದಿನ ಆಕ್ಸಲ್ಲಿನ ಬುಷ್ ಸವೆದಿದೆ, ಸ್ಟೇರಿಂಗ್ ಸ್ವಲ್ಪ ಆಡುತ್ತದೆ. ನಾಲೆಗೆ ನೀರು ನಿಲ್ಲಿಸಿದ ಮೇಲೆ ಅದರ ಕೆಲಸ ಹಿಡಿಯಬೇಕು.