ಏಕತಾರಿಗೆ ಬೇಡದ ಎಫ್ ನನಗೇಕೆ?

ನಲವತ್ತೆರಡರ ವಯಸ್ಸಿನಲ್ಲಿ ಗಿಟಾರ್ ಹಿಡಿದಾಗ ನಮ್ಮ ದಾಲ್ ಮಿಲ್ಲಿನ ಹಮಾಲರಿಂದ ಭಾವನವರೆಗೆ ಎಲ್ಲರೂ ನಕ್ಕಿದ್ದರು. ಕಳೆದ ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ಭಜನೆಗೆ ಒಂದೂವರೆ ತಾಸು ನುಡಿಸಿದೆ. ಭಾವ ಕಂಬಕ್ಕೆ ಒರಗಿ ಕೊನೆಯವರೆಗೂ ಕುಳಿತಿದ್ದರು. ನನಗೆ ಅಷ್ಟು ಸಾಕು.

ಮೊದಲು ಕಳೆದುಕೊಂಡದ್ದರ ಲೆಕ್ಕ. ತರಗತಿಗೆ ತಿಂಗಳಿಗೆ ಸಾವಿರದಂತೆ ಐದು ತಿಂಗಳು ಕಟ್ಟಿದೆ. ಮೂರನೆಯ ವಾರಕ್ಕೇ ಎಫ್ ಬಾರ್ ಕಾರ್ಡ್ ಎದುರಾಯಿತು. ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ; ಇದರಲ್ಲಿ ತೋರುಬೆರಳು ಆರೂ ತಂತಿಗಳ ಮೇಲೆ ಮಲಗಬೇಕು. ಬೆರಳು ಮಲಗಿತು, ಜೊತೆಗೆ ನಾದವೂ ಮಲಗಿತು. ಸುಮಾರು 4000 ರೂಪಾಯಿಯ ಗಿಟಾರನ್ನು ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಬಿಟ್ಟಿದ್ದೆ. ಕಲಬುರಗಿಯ 42–43 ಡಿಗ್ರಿಗೆ ಅಂಟು ಮೆತ್ತಗಾಗಿ, ತಂತಿ ಕಟ್ಟಿದ ಬ್ರಿಡ್ಜ್ ಉಗುರು ತೂರುವಷ್ಟು ಎದ್ದಿತ್ತು. ರಿಪೇರಿಗೆ 700. ತಂತಿ ತಗ್ಗಲೆಂದು, ಅವು ಕೂರುವ ಸ್ಯಾಡಲ್ಲನ್ನು ಉಜ್ಜುಕಾಗದದಲ್ಲಿ ನಾನೇ ತಿಕ್ಕಿದೆ. ತಿಕ್ಕಿದ್ದು ಹೆಚ್ಚಾಗಿ, ಆರನೆಯ ತಂತಿ ನೊಣದಂತೆ ಗುಂಯ್‌ಗುಟ್ಟತೊಡಗಿತು. ಅಡಿಗೆ ಹಳೆಯ ಎಟಿಎಂ ಕಾರ್ಡಿನ ಚೂರು ಕೊಟ್ಟ ಮೇಲೆ ಸುಮ್ಮನಾಯಿತು. ಆ ಚೂರು ಇಂದಿಗೂ ಅಲ್ಲೇ ಇದೆ.

ದಾರಿ ಹೊಳೆದದ್ದು ಗುಡಿಯಲ್ಲಿ. ಏಕತಾರಿ ಒಂದೇ ಸ್ವರ ಹಿಡಿದು ತತ್ವಪದಗಳ ಜೊತೆ ರಾತ್ರಿಯೆಲ್ಲ ಸಾಗುತ್ತದೆ. ಎ ಮೈನರ್ ಮತ್ತು ಜಿ, ಈ ಎರಡೇ ಕಾರ್ಡ್‌ಗಳಲ್ಲಿ ಮುಗಿಯುವ ಪದಗಳನ್ನು ಹುಡುಕಿದೆ, ಒಂಬತ್ತು ಸಿಕ್ಕವು. ಮೊದಲು ನಿಮಿಷಕ್ಕೆ ಹತ್ತು-ಹನ್ನೆರಡು ಸಲ ಕಾರ್ಡ್ ಬದಲಿಸುತ್ತಿದ್ದವನು ಎರಡು ತಿಂಗಳಲ್ಲಿ ನಲವತ್ತರ ಹತ್ತಿರ ಬಂದೆ. ಎಡಗೈ ತಪ್ಪಿದರೂ ಬಲಗೈ ನಿಲ್ಲಿಸಲಿಲ್ಲ. ತಪ್ಪಿದಾಗ ಬರುವ ‘ಟಪ್’ ಎಂಬ ಸತ್ತ ಸದ್ದು ದಮ್ಮಡಿಯ ಏಟಿನಂತೆ ತಾಳದಲ್ಲೇ ಸೇರಿಹೋಗುತ್ತಿತ್ತು. ಈಗ ಬೇಕೆಂದೇ ಅದನ್ನು ಬಾರಿಸುವ ವರಸೆಯೊಂದು ಕೈಗೆ ಹತ್ತಿದೆ. ಅದನ್ನು ಬರೆದುಕೊಡುವುದಿಲ್ಲ, ಗುಡಿಗೆ ಬಂದು ನೋಡಿ.

ಹಾರ್ಮೋನಿಯಂ ಕಾಕಾ ‘ಕಪ್ಪು ಒಂದು’ ಪಟ್ಟಿಯನ್ನು, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯನ್ನು, ಬಿಟ್ಟು ಕದಲುವವರಲ್ಲ. ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕಾಪೋ ಕ್ಲಿಪ್ಪನ್ನು ನಾಲ್ಕನೆಯ ಫ್ರೆಟ್ಟಿಗೆ (ಮನೆಗೆ) ಹಾಕಿ ಅದೇ ಎ ಮೈನರ್ ಹಿಡಿದೆ. “ಇದಕ್ಕೂ ನಮ್ಮ ಪಟ್ಟಿ ಗೊತ್ತಿದೆಯೇನಪ್ಪಾ?” ಎಂದು ತಿದಿ ಒತ್ತುವುದನ್ನೇ ಮರೆತರು.

ನಡುವೆ ಒಂದು ಹುಚ್ಚು. ಒಂದು, ಎರಡು, ಆರನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸಿ ತಂಬೂರಿಯಂತೆ ಮೀಟಿದೆ. ಇಂಪೇನೋ ಇಂಪು, ಆದರೆ ಮತ್ತೆ ಮತ್ತೆ ಏರಿಸಿ ಇಳಿಸುವುದರಲ್ಲಿ ಮೊದಲ ತಂತಿ ಮೂರು ಸಲ ಹರಿಯಿತು. ಸೆಟ್ಟಿಗೆ 350, ನೀವೇ ಲೆಕ್ಕ ಹಾಕಿ. ಆಮೇಲೆ ಹೊಸ ತೊಗರಿ ಬರುವ ಡಿಸೆಂಬರ್, ಜನವರಿ. ರಾತ್ರಿ ಹತ್ತರವರೆಗೆ ತೂಕದ ಚೀಟಿ ಬರೆಯುತ್ತ ಗಿಟಾರ್ ಮುಟ್ಟಲಾಗದೆ, ಎಡಗೈ ಬೆರಳ ತುದಿಯ ಜಡ್ಡೆಲ್ಲ ಸುಲಿದುಹೋಯಿತು.

ಒಟ್ಟು ಹನ್ನೊಂದು ಸಾವಿರದ ಹತ್ತಿರ ಹೋಗಿರಬೇಕು. ಮುಂದಿನ ಸೋಮವಾರಕ್ಕೆ ಕಾಕಾ ಎತ್ತಿಕೊಂಡಿರುವ ಪದಕ್ಕೆ ಎಫ್ ಇಲ್ಲದೆ ನಡೆಯುವುದಿಲ್ಲ. ಮೊದಲ ತಂತಿಯನ್ನು ಖಾಲಿ ಬಿಟ್ಟು ಮೂರೇ ಬೆರಳಲ್ಲಿ ಹಿಡಿಯುತ್ತಿದ್ದೇನೆ, ಭಾವನಿಗೆ ಹೇಳಬೇಡಿ.