ಟರ್ನ್‌ಟೇಬಲ್ ಅನ್ನು ಹೊಸ ರಿಸೀವರ್‌ಗೆ ಜೋಡಿಸುವುದು ಹೇಗೆ?

ಎಲ್‌ಪಿ ತಟ್ಟೆ ನುಡಿಸುವ ಟರ್ನ್‌ಟೇಬಲ್‌ನ ವೈರ್ ಚುಚ್ಚುವ ಮೊದಲು ರಿಸೀವರ್‌ನ, ಅಂದರೆ ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆಯ, ಹಿಂಭಾಗ ನೋಡಿ. ‘ಫೋನೋ’ ಎಂದು ಬರೆದ ಕೆಂಪು-ಬಿಳಿ ಸಾಕೆಟ್ ಜೋಡಿ, ಪಕ್ಕದಲ್ಲೊಂದು ಪುಟ್ಟ ತಿರುಪು ಇದೆಯೇ? ಈಗಿನ ಅಗ್ಗದ ಹೋಂ ಥಿಯೇಟರ್ ರಿಸೀವರ್‌ಗಳಲ್ಲಿ ಹಲವಕ್ಕೆ ಇದಿರುವುದಿಲ್ಲ.

ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಜ್; ಅದರ ಸಾಮಾನ್ಯ ಬಗೆಯಾದ ಮೂವಿಂಗ್ ಮ್ಯಾಗ್ನೆಟ್ ಕೊಡುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಸಾಲದ್ದಕ್ಕೆ ಎಲ್‌ಪಿ ಕೊರೆಯುವಾಗಲೇ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಸಿಗ್ನಲ್ ಹಿಗ್ಗಿಸಿ ಈ ಏರುಪೇರನ್ನು ಸರಿಪಡಿಸುವುದು ಫೋನೋ ಪ್ರೀಆಂಪ್. ದಾರಿಯಲ್ಲಿ ಅದು ಒಂದು ಇರಲೇಬೇಕು, ಒಂದೇ ಇರಬೇಕು. ಇಲ್ಲದಿದ್ದರೆ ದನಿ ಕ್ಷೀಣ, ಕೀರಲು. ಎರಡಾದರೆ ಬೇಸ್ ಊದಿಕೊಂಡು ಸದ್ದು ಒಡೆಯುತ್ತದೆ.

ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್‌ನಂಥವುಗಳಲ್ಲಿ ಪ್ರೀಆಂಪ್ ಒಳಗೇ ಇದೆ. ಸ್ವಿಚ್ ‘ಲೈನ್’ನಲ್ಲಿದ್ದರೆ (ಒಳಗಿನ ಪ್ರೀಆಂಪ್ ಚಾಲು) ಪಿನ್ ರಿಸೀವರ್‌ನ ಮಾಮೂಲಿ ಇನ್‌ಪುಟ್‌ಗಳಾದ ‘ಆಕ್ಸ್’ ಅಥವಾ ‘ಸಿಡಿ’ಗೆ, ‘ಫೋನೋ’ದಲ್ಲಿದ್ದರೆ (ಪ್ರೀಆಂಪ್ ಬಂದ್) ಫೋನೋಗೆ. ಎರಡೂ ಕಡೆ ಪ್ರೀಆಂಪ್ ಇಲ್ಲವೇ? ಬಿಡಿಯಾಗಿ ಸಿಗುವ ಪ್ರೀಆಂಪ್ ಡಬ್ಬಿ ಕೊಂಡು ನಡುವೆ ಹಾಕಿ, ಅದರ ಔಟ್‌ಪುಟ್ ಆಕ್ಸ್‌ಗೆ ಕೊಡಿ. ಮೂವಿಂಗ್ ಮ್ಯಾಗ್ನೆಟ್‌ಗೆ 40 ಡೆಸಿಬೆಲ್ ಆಸುಪಾಸಿನ ಗೇನ್ (ಹಿಗ್ಗಿಸುವ ಪ್ರಮಾಣ), 47 ಕಿಲೋಓಮ್ ಲೋಡ್ (ಇನ್‌ಪುಟ್ ರೋಧ) ಸಾಕು. ಇನ್ನೂ ಕ್ಷೀಣ ಸಿಗ್ನಲ್ ಕೊಡುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಆದರೆ 60 ಡೆಸಿಬೆಲ್ ಬೇಕಾದೀತು. ಹಳೇ ಪೆಟ್ಟಿಗೆ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್ ಮಾತ್ರ ಬೇರೆ ಜಾತಿ: ಅದರ ಔಟ್‌ಪುಟ್ಟೇ ಹೆಚ್ಚು. ಫೋನೋಗೆ ಹಾಕಬೇಡಿ, ಆಕ್ಸ್‌ಗೆ ಕೊಡಿ. ಬೇಸ್ ಕೊಂಚ ಕಮ್ಮಿ ಕೇಳಬಹುದು.

ಎಲ್ಲದರ ಪವರ್ ಆಫ್ ಮಾಡಿ, ಕೆಂಪನ್ನು ಬಲಕ್ಕೆ, ಬಿಳಿಯನ್ನು ಎಡಕ್ಕೆ ಒತ್ತಿ. ಜೊತೆಗೆ ಕವಲಿನ ತುದಿಯ ತೆಳು ವೈರೊಂದು ಇದ್ದರೆ ಅದು ಗ್ರೌಂಡ್. ತಿರುಪು ಸಡಿಲಿಸಿ, ಕವಲು ಅದರಡಿ ತೂರಿಸಿ ಬಿಗಿ ಮಾಡಿ. ಪ್ರೀಆಂಪ್ ಡಬ್ಬಿ ಇದ್ದರೆ ಅದರ ತಿರುಪಿಗೇ ಕಟ್ಟಿ. ಗೋಡೆಯ ಅರ್ತ್ ಪಿನ್‌ಗೆ ಯಾವತ್ತೂ ಬೇಡ.

ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಮೊದಲು ಅನುಮಾನಿಸಬೇಕಾದ್ದು ಈ ವೈರನ್ನೇ. ಅದು ಬಿಗಿಯಾಗಿದ್ದೂ ಗುಂಯ್‌ಗುಟ್ಟಿದರೆ ಸಿಗ್ನಲ್ ವೈರನ್ನು ಪವರ್ ಅಡಾಪ್ಟರ್‌ನಿಂದ ದೂರ ಸರಿಸಿ. ಒಂದು ಕಡೆಯ ಸ್ಪೀಕರ್ ಮಾತ್ರ ಹಾಡಿದರೆ ರಿಸೀವರ್ ಕಡೆಯ ಕೆಂಪು-ಬಿಳಿ ಪಿನ್ ಅದಲು-ಬದಲು ಮಾಡಿ ನೋಡಿ. ಮೌನವೂ ಕಡೆ ಬದಲಿಸಿದರೆ ದೋಷ ಟರ್ನ್‌ಟೇಬಲ್ ಅಥವಾ ವೈರ್‌ನಲ್ಲಿದೆ, ಬದಲಿಸದಿದ್ದರೆ ರಿಸೀವರ್ ಅಥವಾ ಸ್ಪೀಕರ್‌ನಲ್ಲಿದೆ. ದನಿ ಏರಿಸಿದಂತೆ ಗುಡುಗಿನಂಥ ಮೊರೆತ ಬೆಳೆದರೆ ಅದು ವೈರಿನ ದೋಷವಲ್ಲ, ಸ್ಪೀಕರ್ ಅದುರು ಮುಳ್ಳಿಗೆ ಮುಟ್ಟುತ್ತಿದೆ. ಸ್ಪೀಕರ್, ಟರ್ನ್‌ಟೇಬಲ್ ಎರಡನ್ನೂ ಒಂದೇ ಮೇಜಿನ ಮೇಲಿಡಬೇಡಿ.

ಕಡೆಗೆ, ರಿಸೀವರ್‌ನ ಸರೌಂಡ್ ಮೋಡ್ ತೆಗೆದು ‘ಸ್ಟೀರಿಯೋ’ ಇಲ್ಲವೇ ‘ಡೈರೆಕ್ಟ್’ ಆರಿಸಿ. ಇಲ್ಲದಿದ್ದರೆ ಎಲ್‌ಪಿಯ ಎರಡು ಚಾನೆಲ್ ಐದು ಸ್ಪೀಕರ್‌ಗೆ ಹರಿದು ಹಂಚಿಹೋಗುತ್ತದೆ.